ಅವಿನೀತನೆಂದರೆ ವಿನಯವಂತನಲ್ಲ

ಪ್ರಶ್ನೆ: ನಮಗೆ ಗಂಡುಮಗು ಹುಟ್ಟಿ ಎರಡು ತಿಂಗಳಾಯಿತು. ಬಂಧುಗಳಲ್ಲಿ ಈಗಾಗಲೇ ಇಬ್ಬರು ಆರವ್‌ಗಳೂ ಒಬ್ಬ ವಿಹಾನನೂ ಇರುವುದರಿಂದ, ಯಾರಿಗೂ ಇಲ್ಲದ ಹೆಸರೊಂದನ್ನು ಇಡಬೇಕೆಂದು ಹುಡುಕುತ್ತ, ಅಂತರ್ಜಾಲದ ಪಟ್ಟಿಯೊಂದರಲ್ಲಿ ‘ಅವಿನೀತ್’ ಎಂಬುದನ್ನು ಕಂಡು ಮೆಚ್ಚಿಕೊಂಡೆವು. ಅಲ್ಲಿ ಅದಕ್ಕೆ ‘ವಿನಯವಂತ’ ಎಂಬ ಅರ್ಥ ಕೊಟ್ಟಿದ್ದಾರೆ. ನನ್ನ ಸೋದರಮಾವ ಮಾತ್ರ ಹೆಸರು ಕೇಳಿದೊಡನೆ ನಕ್ಕು, ಕಾರಣ ಹೇಳದೆ ಸುಮ್ಮನಾದರು. ಈ ಹೆಸರಿನಲ್ಲಿ ತಪ್ಪೇನಿದೆ?

ಉತ್ತರ: ನಿಮ್ಮ ಸೋದರಮಾವನವರು ಸುಮ್ಮನೆ ನಕ್ಕಿಲ್ಲ. ‘ವಿನೀತ’ ಎಂದರೆ ತಿದ್ದಿ ಬೆಳೆಸಲ್ಪಟ್ಟವನು, ಶಿಕ್ಷಣದಿಂದ ನಡತೆ ಕಲಿತವನು. ಅದರ ಮೊದಲಿಗೆ ‘ಅ’ ಬಂದು ಕೂತೊಡನೆ ಅರ್ಥ ತಲೆಕೆಳಗಾಗುತ್ತದೆ. ಅವಿನೀತನೆಂದರೆ ಉದ್ಧಟ, ನಡತೆಯಿಲ್ಲದವನು, ಯಾರ ಮಾತಿಗೂ ಬಗ್ಗದವನು. ಪಟ್ಟಿ ಮಾಡಿದವರು ‘ವಿನೀತ’ದ ಅರ್ಥವನ್ನೇ ತಂದು ‘ಅವಿನೀತ್’ ಎದುರಿಗೆ ಬರೆದುಬಿಟ್ಟಂತೆ ಕಾಣುತ್ತದೆ.

ಹೆಸರುಗಳಲ್ಲಿ ಈ ನಿಷೇಧದ ‘ಅ’ ಇರುವುದೇನೂ ದೋಷವಲ್ಲ. ಅಶೋಕ, ಅಜಿತ, ಅಮರ, ಅನಂತ, ಅವಿನಾಶ ಇವೆಲ್ಲ ‘ಅ’ಕಾರದಿಂದಲೇ ಹುಟ್ಟಿದ ಹೆಸರುಗಳು. ಆದರೆ ಅಲ್ಲೆಲ್ಲ ‘ಅ’ ಅಲ್ಲಗಳೆಯುವುದು ಶೋಕವನ್ನು, ಸೋಲನ್ನು, ಸಾವನ್ನು, ಕೊನೆಯನ್ನು, ನಾಶವನ್ನು. ಬೇಡದ್ದನ್ನು ಬೇಡವೆಂದಿದ್ದರಿಂದ ಅವು ಒಳ್ಳೆಯ ಹೆಸರುಗಳಾದವು. ನೀವು ಆರಿಸಿದ ಹೆಸರಿನಲ್ಲಿ ಅಲ್ಲಗಳೆಯಲ್ಪಟ್ಟಿರುವುದು ವಿನಯವೇ.

ಹಾಗೆಂದು ಈ ಹೆಸರನ್ನು ಯಾರೂ ಇಟ್ಟುಕೊಂಡೇ ಇಲ್ಲವೆಂದು ತಿಳಿಯಬೇಡಿ. ಗಂಗರ ಅರಸರಲ್ಲಿ ಅವಿನೀತನೆಂಬುವನಿದ್ದ. ಅವನ ಮಗನ ಹೆಸರು ಇನ್ನೂ ಒಂದು ಕೈ ಮೇಲಾಗಿ ದುರ್ವಿನೀತ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ಗದ್ಯಕಾರರ ಸಾಲಿನಲ್ಲಿ ಹೇಳುವ ದುರ್ವಿನೀತನು ಆ ಅರಸನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ‘ಕೆಟ್ಟ ನಡತೆಯವನು’ ಎಂಬ ಹೆಸರು ಹೊತ್ತವನು ಸಾಹಿತಿಯಾಗಿ ನೆನಪಿನಲ್ಲಿ ಉಳಿದ. ಇನ್ನೂ ಹಿಂದಕ್ಕೆ ಹೋದರೆ ‘ಐತರೇಯ ಬ್ರಾಹ್ಮಣ’ವೆಂಬ ವೈದಿಕ ಗ್ರಂಥದ ಕಥೆಯಲ್ಲಿ ಬರುವ ಅಜೀಗರ್ತನು ತನ್ನ ಮೂವರು ಮಕ್ಕಳಿಗೆ ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ ಎಂದು ಹೆಸರಿಟ್ಟಿದ್ದನು, ಮೂರಕ್ಕೂ ನಾಯಿಯ ಬಾಲವೆಂದೇ ಅರ್ಥ. ನಡುವಿನವನು ಋಗ್ವೇದದ ಸೂಕ್ತಗಳ ಋಷಿಯಾದನು. ಆದ್ದರಿಂದ ಅರ್ಥ ಕೆಟ್ಟದ್ದಾದರೆ ಮಗುವಿನ ಬಾಳು ಕೆಡುತ್ತದೆಂದು ನಾನು ಹೆದರಿಸುವುದಿಲ್ಲ. ಯಾರಿಗೂ ಬಗ್ಗದವನು ಎಂಬ ಅರ್ಥವೇ ನಿಮಗೆ ಒಪ್ಪಿಗೆಯಾದರೆ, ತಿಳಿದೇ ಇಟ್ಟುಕೊಳ್ಳಿ. ನೀವು ಬಯಸಿದ್ದು ವಿನಯವಾದ್ದರಿಂದ ಇದು ಬೇಡವೆನ್ನುತ್ತೇನೆ.

ಇಂತಹ ಪಟ್ಟಿಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ತಪ್ಪು ‘ಅಂಶ’ ಮತ್ತು ‘ಅಂಶು’ಗಳದ್ದು. ಅಂಶ ಎಂದರೆ ಭಾಗ, ಅಂಶು ಎಂದರೆ ಕಿರಣ. ಹಿಮಾಂಶು ಚಂದ್ರನಾಗುವುದು ತಂಪಾದ ಕಿರಣಗಳಿಂದ. ‘ಅಂಶ್’ ಎಂದು ಕೊನೆಯಾಗುವ ಹೊಸ ಹೆಸರುಗಳಿಗೆಲ್ಲ ‘ಕಿರಣ’ ಎಂದು ಅರ್ಥ ಬರೆಯುವುದನ್ನು ನಂಬಬೇಡಿ. ಹೆಸರು ಮೆಚ್ಚಿಗೆಯಾದ ಮೇಲೆ ಅದನ್ನು ನಿಘಂಟಿನಲ್ಲಿ ಒಮ್ಮೆ ನೋಡುವುದಕ್ಕೆ ಐದು ನಿಮಿಷ ಸಾಕು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶದಲ್ಲಿ ಸಂಸ್ಕೃತದಿಂದ ಬಂದ ಪದಗಳೂ ಧಾರಾಳವಾಗಿವೆ. ನಿಘಂಟಿನಲ್ಲಿ ಇಲ್ಲದ ಹೆಸರನ್ನು ಇಡಬಾರದೆಂದಲ್ಲ, ಕಿವಿಗೆ ಇಂಪಾದರೆ ಅದೂ ಹೆಸರೇ. ಇಲ್ಲದ ಅರ್ಥವನ್ನು ಅದಕ್ಕೆ ಅಂಟಿಸಬಾರದು, ಅಷ್ಟೆ.

ವಿನಯದ ಅರ್ಥವೇ ಬೇಕಾದರೆ ‘ಪ್ರಶ್ರಯ’ ಎಂಬ ಪದವಿದೆ. ಅಪರೂಪವೇನೋ ಹೌದು, ಆದರೆ ಒಮ್ಮೆ ಕೇಳಿದವರು ಅದನ್ನು ಸರಿಯಾಗಿ ಬರೆಯುವುದು ಕಷ್ಟ. ನನ್ನ ಆಯ್ಕೆ ‘ಆರ್ಜವ’. ಅದರ ಅರ್ಥ ಋಜುತ್ವ, ಒಳಗೊಂದು ಹೊರಗೊಂದು ಇಲ್ಲದಿರುವುದು. ಯಾವ ಹೆಸರನ್ನೇ ಆಗಲಿ, ಫೋನಿನಲ್ಲಿ ಪರಿಚಿತರೊಬ್ಬರಿಗೆ ಒಂದೇ ಸಲ ಹೇಳಿ, ಬರೆದುಕೊಳ್ಳಲು ತಿಳಿಸಿ. ಅವರು ಬರೆದದ್ದನ್ನು ನೋಡಿದರೆ ಮಗ ಮುಂದೆ ಎಷ್ಟು ಸಲ ‘ಹಾಗಲ್ಲ, ಹೀಗೆ’ ಎಂದು ತಿದ್ದಬೇಕಾದೀತೆಂದು ತಿಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆದು ನೋಡಿ. ತ-ಥ, ದ-ಧ, ಲ-ಳಗಳ ಭೇದವೆಲ್ಲ ಅಲ್ಲಿ ಕರಗಿಹೋಗುತ್ತದೆ. ಮೇಲಾಗಿ ಕೊನೆಯ ಅಕಾರವನ್ನು ಉಳಿಸಿ ಬರೆದರೆ ಓದುವವರು ಅದನ್ನು ದೀರ್ಘ ಮಾಡಿಕೊಂಡು, ವಿನೀತನನ್ನು ವಿನೀತಾ ಮಾಡಿ, ಹುಡುಗಿಯೆಂದು ತಿಳಿಯುತ್ತಾರೆ.

ಪ್ರಶ್ನೆ: ಸಂಸ್ಕೃತದ ಹೆಸರು ಬೇಡ, ಅಚ್ಚಗನ್ನಡದ್ದೇ ಇರಲಿ ಎಂಬುದು ನನ್ನ ಹಟ. ಮಗನಿಗೆ ‘ಮುಗಿಲು’ ಅಥವಾ ‘ಕಡಲು’ ಎಂದು ಹೆಸರಿಡಬಹುದೇ? ಮನೆಯವರು ಅವು ಹೆಸರುಗಳಂತೆ ಕೇಳಿಸುವುದೇ ಇಲ್ಲ ಎನ್ನುತ್ತಾರೆ.

ಉತ್ತರ: ನಿಮ್ಮ ಹಟ ನನಗೆ ಮೆಚ್ಚಿಗೆಯಾಯಿತು, ಆದರೆ ನಿಮ್ಮ ಮನೆಯವರ ಕಿವಿಯೂ ಸುಳ್ಳು ಹೇಳುತ್ತಿಲ್ಲ. ಪದ ಚೆನ್ನಾಗಿದ್ದರೆ ಸಾಲದು, ಅದಕ್ಕೆ ವಿಭಕ್ತಿ ಹತ್ತಿದಾಗಲೂ ಅದು ಮನುಷ್ಯನ ಹೆಸರಾಗಿಯೇ ಉಳಿಯಬೇಕು. ‘ಮುಗಿಲಿಗೆ ಜ್ವರ ಬಂದಿದೆ’, ‘ಕಡಲನ್ನು ಶಾಲೆಗೆ ಬಿಟ್ಟುಬಂದೆ’ ಎಂದು ಹೇಳಿ ನೋಡಿ. ಕನ್ನಡದಲ್ಲಿ ಉಕಾರದಿಂದ ಮುಗಿಯುವ ಇಂತಹ ಪದಗಳು ನಪುಂಸಕಲಿಂಗದಲ್ಲಿ ನಡೆಯುವುದರಿಂದ, ಮಾತು ಹುಡುಗನನ್ನು ಬಿಟ್ಟು ಆಕಾಶಕ್ಕೋ ಸಮುದ್ರಕ್ಕೋ ಹೋಗಿಬಿಡುತ್ತದೆ. ಅದೇ ‘ನೇಸರ’ ಎಂದು ಹೆಸರಿಟ್ಟರೆ, ‘ನೇಸರನಿಗೆ ಜ್ವರ’, ‘ನೇಸರನನ್ನು ಕರೆದುಕೊಂಡು ಬಾ’ ಎಂದು ರಾಮನಂತೆ, ಸೋಮನಂತೆ ಅದು ಸಲೀಸಾಗಿ ನಡೆಯುತ್ತದೆ. ಮುಗಿಲನ್ನೇ ಬಿಡಲಾಗದಿದ್ದರೆ ‘ಮುಗಿಲ’ ಎಂದು ಅಕಾರಾಂತ ಮಾಡಿಕೊಳ್ಳಿ. ‘ಮುಗಿಲನಿಗೆ’ ಎಂದರೆ ಆಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಹಳೆಯ ಕನ್ನಡದ ಪಂಪ, ಪೊನ್ನ, ರನ್ನ, ಜನ್ನ ಎಂಬ ಹೆಸರುಗಳೆಲ್ಲ ಈ ಜಾಡಿನಲ್ಲಿಯೇ ಇವೆ.

ವ್ಯಂಜನದಿಂದ ಮುಗಿಯುವ ಇಂದಿನ ಹೆಸರುಗಳ ತೊಡಕೂ ಇದೇ. ಕನ್ನಡದ ನಾಲಗೆಗೆ ಪದ ಸ್ವರದಿಂದ ಮುಗಿಯಬೇಕು, ಅದಕ್ಕಾಗಿಯೇ ಬಸ್ ಬಸ್ಸಾಯಿತು, ಕಾರ್ ಕಾರಾಯಿತು. ‘ಆರವ್‌ನನ್ನು’ ಎಂದು ಬರೆಯುವಾಗ ಕೈಯೂ ಹೇಳುವಾಗ ನಾಲಗೆಯೂ ಒಂದು ಕ್ಷಣ ತಡೆಯುತ್ತವೆ.

ವ್ಯಾಕರಣವನ್ನು ಹೆಸರಿಗೆ ಕಟ್ಟುವುದು ಅತಿಯಾಯಿತೆಂದು ನಿಮಗೆ ಅನ್ನಿಸಿದರೆ, ಐಸ್‌ಲ್ಯಾಂಡ್ ದೇಶದ ಸಂಗತಿ ಕೇಳಿ. ಹೊಸ ಹೆಸರುಗಳನ್ನು ಪರಿಶೀಲಿಸಲು 1991ರಲ್ಲಿ ಅಲ್ಲಿ ಒಂದು ಸಮಿತಿಯನ್ನೇ ರಚಿಸಿದರು. ಹೆಸರಿಗೆ ತಮ್ಮ ಭಾಷೆಯ ಷಷ್ಠೀ ವಿಭಕ್ತಿಯ ಪ್ರತ್ಯಯ ಹತ್ತುತ್ತದೆಯೇ ಎಂಬುದು ಅದು ನೋಡುವ ಮುಖ್ಯ ವಿಷಯಗಳಲ್ಲೊಂದು. ನಮಗೆ ಅಂತಹ ಸಮಿತಿ ಬೇಡ, ಮನೆಯಲ್ಲಿ ಎರಡು ದಿನ ಆ ಹೆಸರಿಟ್ಟು ಕರೆದು ನೋಡಿದರೆ ಸಾಕು.

ಪ್ರಶ್ನೆ: ಅಪರೂಪದ ಹೆಸರಿಟ್ಟರೆ ಮಗನನ್ನು ಜೊತೆಯ ಮಕ್ಕಳು ಹಾಸ್ಯ ಮಾಡುತ್ತಾರೆಂದೂ, ಮುಂದೆ ಅವನ ಏಳಿಗೆಗೇ ಅಡ್ಡಿಯಾಗುತ್ತದೆಂದೂ ನಮ್ಮ ಅತ್ತೆಯವರು ಹೇಳುತ್ತಾರೆ. ನಿಜವೇ?

ಉತ್ತರ: ಹಾಸ್ಯದ ಮಾತು ಸ್ವಲ್ಪ ನಿಜ. ಮಕ್ಕಳು ಯಾವ ಹೆಸರಿಗೂ ಪ್ರಾಸ ಕಟ್ಟಬಲ್ಲರು, ಆದ್ದರಿಂದ ಬೈಗುಳಕ್ಕೆ ಪ್ರಾಸವಾಗುವ ಹೆಸರೊಂದನ್ನು ಬಿಟ್ಟರೆ ಉಳಿದದ್ದಕ್ಕೆ ಹೆದರಬೇಕಿಲ್ಲ. ಏಳಿಗೆಯ ವಿಷಯದಲ್ಲಿ, ಅಮೆರಿಕದ ಅರ್ಥಶಾಸ್ತ್ರಜ್ಞರಾದ ರೋಲಂಡ್ ಫ್ರೈಯರ್ ಮತ್ತು ಸ್ಟೀವನ್ ಲೆವಿಟ್ ಕ್ಯಾಲಿಫೋರ್ನಿಯಾದ ಜನನ ದಾಖಲೆಗಳನ್ನು ಆಧರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೆಚ್ಚಾಗಿ ಕಪ್ಪು ಜನಾಂಗದವರಲ್ಲಿಯೇ ಬಳಕೆಯಲ್ಲಿರುವ ಹೆಸರುಗಳನ್ನು ಅವರು ನೋಡಿದರು. ಹುಟ್ಟಿದ ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಹೆಸರಿನಿಂದಲೇ ಬಾಳು ಕೆಟ್ಟಿತೆನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ.

ಅಲ್ಲದೆ, ಅಪರೂಪವೆಂಬುದೇ ಈಗ ಅಪರೂಪವಾಗಿ ಉಳಿದಿಲ್ಲ. ಅಮೆರಿಕದ ಸರ್ಕಾರಿ ಅಂಕಿಅಂಶಗಳಂತೆ 1880ರಲ್ಲಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು 8 ಮಂದಿಯ ಹೆಸರು ಜಾನ್ ಎಂದಿತ್ತು. ಇಂದು ಮೊದಲ ಸ್ಥಾನದ ಲಿಯಂ ಎಂಬ ಹೆಸರು ನೂರರಲ್ಲಿ ಸುಮಾರು ಒಬ್ಬನಿಗೆ ಮಾತ್ರ ಇದೆ. ಎಲ್ಲರೂ ಬೇರೆಯದನ್ನೇ ಹುಡುಕುತ್ತಿದ್ದಾರೆ, ವಿಚಿತ್ರವೆಂದರೆ ಹುಡುಕಿದವರೆಲ್ಲ ಒಂದೇ ದನಿಗೆ ಬಂದು ನಿಲ್ಲುತ್ತಾರೆ. ವಿಹಾನ್, ಅಯಾನ್, ಕಿಯಾನ್, ವಿಯಾನ್ ಎಂದು ತರಗತಿಯಲ್ಲಿ ಹಾಜರಿ ಕರೆದಾಗ ನಾಲ್ವರೂ ಒಟ್ಟಿಗೆ ತಲೆಯೆತ್ತುತ್ತಾರೆ. ನಿಮ್ಮ ಅತ್ತೆಯವರಿಗೆ ಸಮಾಧಾನ ಬೇಕಿದ್ದರೆ, ಮನೆಯಲ್ಲಿ ಕರೆಯಲು ಅವರಿಗೊಪ್ಪುವ ಸಾದಾ ಹೆಸರೊಂದನ್ನು ಅವರೇ ಇಡಲಿ. ಎರಡರಲ್ಲಿ ಯಾವುದಕ್ಕೆ ಓಗೊಡಬೇಕೆಂಬುದನ್ನು ಹುಡುಗ ದೊಡ್ಡವನಾದ ಮೇಲೆ ತಾನೇ ಆರಿಸಿಕೊಳ್ಳುತ್ತಾನೆ.