ಸಂಪಾದಕರ ಉತ್ತರ: ಅಪ್ಪನ ಫೋಟೋ ತೆಗೆದುಕೊಂಡು ಹೋಗಬಹುದಾ?

ಪ್ರಿಯ ಓದುಗರೆ,

ಡಲ್ಲಾಸ್‌ನಿಂದ ನೀವು ಬರೆದ ಪತ್ರ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನಷ್ಟು ಹೇಳುತ್ತೇನೆ. ನೀವು ಮಂಡ್ಯ ಕಡೆಯವರು. ಅಪ್ಪ ತೀರಿಕೊಂಡು ಎರಡು ವರ್ಷ. ವೀಸಾ ತೊಡಕಿನಿಂದ ಮಣ್ಣಿಗೂ ಬರಲು ಆಗಲಿಲ್ಲ. ಈ ಸಲ ಗೆಳತಿಯರ ಜೊತೆ ಮೆಕ್ಸಿಕೋದ ವಹಾಕಾ ಊರಿಗೆ ‘ಸತ್ತವರ ದಿನ’ ನೋಡಲು ಹೊರಟಿದ್ದೀರಿ, ತೀರಿಕೊಂಡವರು ಮನೆಗೆ ಬರುತ್ತಾರೆ ಅಂತ ಎಡೆ ಇಟ್ಟು, ಸಮಾಧಿಗಳ ಬಳಿ ಜಾಗರಣೆ ಮಾಡುವ ಹಬ್ಬ ಅದು. ಅಮ್ಮ ಫೋನಿನಲ್ಲಿ, "ದುಡ್ಡು ಕೊಟ್ಟು ಯಾರಾದ್ರೂ ಮಸಣ ನೋಡೋಕೆ ಹೋಗ್ತಾರೇನೇ?" ಅಂದರಂತೆ. ನಿಮ್ಮ ಪ್ರಶ್ನೆ ಎರಡು. ಬೇರೆಯವರ ದುಃಖದ ಜಾಗಕ್ಕೆ ಪ್ರವಾಸಿಯಾಗಿ ಹೋಗುವುದು ಸರಿಯಾ? ಅಪ್ಪನ ಫೋಟೋ ಅಲ್ಲಿ ಇಡಬಹುದಾ?

ಮೊದಲು ಅಮ್ಮನಿಗೆ ಹೇಳಬೇಕಾದದ್ದು. ಮಹಾಲಯ ಅಮಾವಾಸ್ಯೆಗೆ ನಿಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರಲ್ಲ? ಹೊಸ ಪಂಚೆ, ಸೀರೆ, ಬಾಡೂಟ, ತಾತ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ. ವಹಾಕಾದ ಮನೆಗಳಲ್ಲೂ ಹೆಚ್ಚುಕಮ್ಮಿ ಹೀಗೇ. ಮೇಜಿನ ಮೇಲೆ ಸತ್ತವರ ಫೋಟೋ, ಮೇಣದ ಬತ್ತಿ, ಒಂದು ಲೋಟ ನೀರು, ಉಪ್ಪು. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬು. ಮೆಣಸಿನಕಾಯಿ, ಚಾಕೊಲೇಟ್ ಅರೆದು ಮಾಡಿದ ಕಪ್ಪು ಸಾರು. ಕುಡಿಯುವವರಿಗೆ ಮೆಸ್ಕಲ್. ಕೋಪಾಲ್ ಅನ್ನುವ ಅಂಟಿನ ಹೊಗೆ ಹಾಕುತ್ತಾರೆ, ನಮ್ಮ ಸಾಂಬ್ರಾಣಿಯ ಹಾಗೆ. ಇಷ್ಟರ ಮೇಲೆ ಒಂದು ಕಮಾನು ಕಟ್ಟುತ್ತಾರೆ. ಯಾತರದ್ದು ಗೊತ್ತಾ? ಕಬ್ಬಿನ ಜಲ್ಲೆಯದ್ದು. ಮಂಡ್ಯದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾ!

ಆ ಕಮಾನಿಗೆ ಸುತ್ತುವುದು ಚೆಂಡುಹೂವು. ಅದರ ತವರೇ ಮೆಕ್ಸಿಕೋ. ಅಲ್ಲಿ ಅದಕ್ಕೆ ಸೆಂಪಸೂಚಿಲ್ ಅನ್ನುತ್ತಾರೆ. ಹಳೆಯ ನಹುವಾ ಭಾಷೆಯಲ್ಲಿ ‘ಇಪ್ಪತ್ತು ಹೂ’ ಅಂತ ಅರ್ಥ, ಎಸಳು ಅಷ್ಟು ಒತ್ತಾಗಿರುತ್ತವೆ ನೋಡಿ. ನಾವು ಆಯುಧಪೂಜೆಗೆ ಲಾರಿಗೆ, ಬಸ್ಸಿಗೆ ಕಟ್ಟುವ ಹೂವು ಸಮುದ್ರ ದಾಟಿ ಬಂದ ನೆಂಟ. ಅದರ ಘಾಟು ವಾಸನೆ ಹಿಡಿದು ಸತ್ತವರು ಮನೆ ದಾರಿ ಕಂಡುಕೊಳ್ಳುತ್ತಾರೆ ಅನ್ನುವುದು ಅಲ್ಲಿಯವರ ನಂಬಿಕೆ. ಅದಕ್ಕೇ ಎಸಳು ಬಿಡಿಸಿ ಬಾಗಿಲಿನಿಂದ ಎಡೆಯವರೆಗೂ ಚೆಲ್ಲಿರುತ್ತಾರೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಹೋಗುವುದು ತಪ್ಪಲ್ಲ. ಆದರೆ ಅಮ್ಮನ ಮಾತಿನಲ್ಲೂ ಸತ್ಯ ಇದೆ. ನಿಮ್ಮ ಮನೆಯ ಎಡೆಯ ಮುಂದೆ ಹತ್ತು ಜನ ಗುರುತಿಲ್ಲದವರು ಮೊಬೈಲ್ ಹಿಡಿದು ನಿಂತರೆ ಹೇಗಿರುತ್ತೆ?

ನಾನು ಆ ತಪ್ಪು ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ವಹಾಕಾ ಪಕ್ಕದ ಹೋಹೋಕೋಟ್ಲಾನ್‌ಗೆ ಹೋಗಿದ್ದೆ. ಅಲ್ಲಿ ಅಕ್ಟೋಬರ್ 31ರ ರಾತ್ರಿಯೇ ಸಮಾಧಿಗಳ ಬಳಿ ಜಾಗರಣೆ. ಜನಜಂಗುಳಿ, ಬ್ಯಾಂಡು, ಗೇಟಿನ ಹೊರಗೆ ತಿಂಡಿ ಅಂಗಡಿ, ನಮ್ಮ ಜಾತ್ರೆಯ ಹಾಗೆ. ಅದರ ನಡುವೆ ಒಬ್ಬ ಗಂಡಸು ಸಣ್ಣ ಸಮಾಧಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬನೇ ಕೂತಿದ್ದ. ಬತ್ತಿಯ ಬೆಳಕು ಮುಖಕ್ಕೆ ಬಿದ್ದಿತ್ತು. ಒಳ್ಳೆ ಚಿತ್ರ ಅಂದುಕೊಂಡು ಕ್ಲಿಕ್ ಮಾಡಿದೆ. ಆತ ಬೈಯಲಿಲ್ಲ. ಎದ್ದು, ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು, ನನಗೆ ಬೆನ್ನು ಹಾಕಿ ಮತ್ತೆ ಕೂತ. ಆ ಫೋಟೋ ಅಲ್ಲೇ ಅಳಿಸಿದೆ. ಬೆನ್ನು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನವೆಂಬರ್ 1 ಸತ್ತ ಮಕ್ಕಳು ಬರುವ ದಿನ, 2 ದೊಡ್ಡವರು ಬರುವ ದಿನ ಅನ್ನುವುದು ಸಾಮಾನ್ಯ ಲೆಕ್ಕ. ಕುಣಿಯುವ ಗುಂಪಿನ ಪಕ್ಕದಲ್ಲೇ ಮಗು ಕಳೆದುಕೊಂಡವರು ಕೂತಿರುತ್ತಾರೆ. ಎಲ್ಲರೂ ಸಾವನ್ನು ನೋಡಿ ನಗುತ್ತಾರೆ ಅಂತ ಪ್ರವಾಸಿ ಪುಸ್ತಿಕೆಗಳು ಬರೆಯುವುದು ಸುಮ್ನೆ ಮಾತು.

ಮೆಕ್ಸಿಕೋ ಸಿಟಿಯ ದೊಡ್ಡ ಮೆರವಣಿಗೆ ಬಗ್ಗೆಯೂ ಕೇಳಿದ್ದೀರಿ. ಹೋಗಿ, ಚೆನ್ನಾಗಿರುತ್ತೆ. ಆದರೆ ಅದು ಪುರಾತನ ಆಚರಣೆ ಅಂದುಕೊಳ್ಳಬೇಡಿ. 2015ರ ಜೇಮ್ಸ್ ಬಾಂಡ್ ಸಿನಿಮಾಕ್ಕಾಗಿ ಅಂಥ ಒಂದು ಮೆರವಣಿಗೆಯನ್ನು ಕಲ್ಪಿಸಿ ಚಿತ್ರೀಕರಿಸಿದರು. ಮರುವರ್ಷದಿಂದ ಊರಿನಲ್ಲಿ ನಿಜವಾಗಿಯೂ ಶುರುವಾಯಿತು! ಅಲ್ಲಿ ಎಷ್ಟು ಬೇಕಾದರೂ ಫೋಟೋ ತೆಗೆಯಿರಿ, ಮುಖಕ್ಕೆ ಬುರುಡೆ ಬಣ್ಣ ಬಳಿಸಿಕೊಳ್ಳಿ. ಸಮಾಧಿಗೆ ಹೋಗುವಾಗ ಮುಖ ತೊಳೆದುಕೊಂಡರೆ ಒಳ್ಳೇದು. ಇದು ನನ್ನ ಅಭಿಪ್ರಾಯ, ನಿಯಮವಲ್ಲ.

ನನ್ನನ್ನು ಕೇಳಿದರೆ, ಸಮಾಧಿಗಿಂತ ಮೊದಲು ಸಂತೆಗೆ ಹೋಗಿ. ವಹಾಕಾದ ಸೆಂಟ್ರಲ್ ದೆ ಅಬಾಸ್ತೋಸ್ ಮಾರ್ಕೆಟ್‌ಗೆ ಎರಡು ದಿನ ಮುಂಚೆ ಬೆಳಿಗ್ಗೆಯೇ ಹೋಗಿ. ಚೆಂಡುಹೂವಿನ ಹೊರೆ, ಕೋಳಿಜುಟ್ಟಿನ ಹೂವು, ಕಬ್ಬು, ಸಕ್ಕರೆಯ ಬುರುಡೆ. ‘ಸತ್ತವರ ಬ್ರೆಡ್’ ಅಂತ ಮಾರುತ್ತಾರೆ. ಅಲ್ಲಿಯದರ ಮೇಲೆ ಬಣ್ಣ ಬಳಿದ ಪುಟ್ಟ ಮುಖವೊಂದನ್ನು ಸಿಕ್ಕಿಸಿರುತ್ತಾರೆ. ಹೆಂಗಸರು ಚೌಕಾಸಿ ಮಾಡುತ್ತಾ, ‘ನಮ್ಮಮ್ಮನಿಗೆ ಇದೇ ಬೇಕು’ ಅನ್ನುವ ಹಾಗೆ ಆರಿಸುತ್ತಾರೆ. ಹಬ್ಬ ನಿಜಕ್ಕೂ ನಡೆಯುವುದು ಅಲ್ಲಿ ಮತ್ತು ಅಡುಗೆಮನೆಯಲ್ಲಿ.

ಫೋಟೋ ವಿಷಯ. ಯಾರದೋ ಸಮಾಧಿಯ ಮೇಲೆ ಇಡಬೇಡಿ. ನೀವು ಉಳಿದುಕೊಳ್ಳುವ ಮನೆಯಲ್ಲೋ ಹೋಟೆಲಿನ ಅಂಗಳದಲ್ಲೋ ಒಂದು ಎಡೆ ಇಟ್ಟಿರುವ ಸಾಧ್ಯತೆ ಹೆಚ್ಚು. ಮನೆಯವರನ್ನು ಕೇಳಿ. ನಾನು ಇದ್ದ ಮನೆಯಾಕೆ ನನ್ನ ಅಜ್ಜಿಯ ಫೋಟೋವನ್ನು ಸೆರಗಿನಲ್ಲಿ ಒರೆಸಿದ ಹಾಗೆ ಏಪ್ರನ್ನಿನಲ್ಲಿ ಒರೆಸಿ, ತಮ್ಮ ಮಾವನ ಪಕ್ಕಕ್ಕೆ ಇಟ್ಟರು. "ಏನು ಇಷ್ಟ ಇವರಿಗೆ?" ಅಂತ ಕೇಳಿದರು. ಕಾಫಿ ಅಂದೆ. ಲೋಟದಲ್ಲಿ ಕಾಫಿ ಬಂತು. ಕೈ ಬೀಸಿಕೊಂಡು ಹೋಗಬೇಡಿ, ಬತ್ತಿ, ಹೂವು, ಬ್ರೆಡ್ ಏನಾದರೂ ಒಯ್ಯಿರಿ. ನೀರಿನ ಲೋಟ ಮರೆಯಬೇಡಿ. ದೂರದಿಂದ ನಡೆದು ಬಂದವರಿಗೆ ಬಾಯಾರಿರುತ್ತೆ ಅಂತ ಅದನ್ನು ಇಡುವುದು. ನಿಮ್ಮ ಅಪ್ಪನಿಗಂತೂ ದಾರಿ ಇನ್ನೂ ದೂರ.

ಕೊನೆಗೆ ಎರಡು ವ್ಯವಹಾರದ ಮಾತು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಡ. ಆದರೆ ಪಾಸ್‌ಪೋರ್ಟಿನಲ್ಲಿರುವ ಸ್ಟಾಂಪಿನ ಅವಧಿ ಮುಗಿದಿರಬಾರದು, ಟಿಕೆಟ್‌ಗೆ ಮುಂಚೆ ನೋಡಿಕೊಳ್ಳಿ. ರೂಮು ತಿಂಗಳುಗಟ್ಟಲೆ ಮುಂಚೆಯೇ ಹಿಡಿಯಿರಿ.

ಅಮ್ಮನಿಗೆ ಮಸಣದ ಫೋಟೋ ಕಳಿಸಬೇಡಿ. ಕಬ್ಬಿನ ಕಮಾನಿನ ಕೆಳಗೆ ಅಪ್ಪ ಇರುವುದನ್ನು ಕಳಿಸಿ.

ನಿಮ್ಮ,
ಸಂಪಾದಕ