ವೇಷಕ್ಕೊಂದು ಚೌಕಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಜಪಾನನ್ನು ಕಾಸ್‌ಪ್ಲೇಯ, ಅಂದರೆ ಕಥೆ-ಕಾರ್ಟೂನುಗಳ ಪಾತ್ರಗಳಂತೆ ವೇಷ ತೊಡುವ ಹವ್ಯಾಸದ, ತವರು ಎಂದು ಬರೆದಿದ್ದೀರಿ. ಟೋಕಿಯೊದಲ್ಲಿ ಓದುತ್ತಿರುವ ನನ್ನ ಮಗಳು ಕಾರ್ಟೂನ್ ಪಾತ್ರವೊಂದರ ವೇಷ ತೊಟ್ಟು ರೈಲಿನಲ್ಲಿ ಅಲ್ಲಿನ ಒಂದು ಮೇಳಕ್ಕೆ ಹೋದಳು. ವೇಷದಲ್ಲಿ ಬಂದದ್ದು ತಪ್ಪು ಎಂದು ಬಾಗಿಲಲ್ಲೇ ತಡೆದರಂತೆ. ಅತ್ತುಕೊಂಡು ಫೋನ್ ಮಾಡಿದಳು. ತವರಿನಲ್ಲೇ ಇಷ್ಟು ಮಡಿಯೇ? ಅಮೆರಿಕದವರೇ ವಾಸಿಯಲ್ಲವೇ?
— ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ:

ನಿಮ್ಮ ಮಗಳ ದುಃಖದಲ್ಲಿ ನಮ್ಮ ಲೇಖನದ ಪಾಲೂ ಇದೆ. ವೇಷದ ಸಂಭ್ರಮವನ್ನು ಬಣ್ಣಿಸಿದೆವು, ಅದರ ಕಟ್ಟಳೆಯನ್ನು ಹೇಳಲಿಲ್ಲ. ತವರು ಎಂಬ ಮಾತೂ ಪೂರ್ತಿ ಸರಿಯಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಅಂಥ ಕಥೆಗಳ ಅಭಿಮಾನಿ ಮರ್ಟಲ್ ಡಗ್ಲಸ್ ಭವಿಷ್ಯಕಾಲದ ಉಡುಪು ಸಿದ್ಧಪಡಿಸಿ, ತಾವೂ ತೊಟ್ಟು, ಗೆಳೆಯ ಫಾರೆಸ್ಟ್ ಆಕರ್‌ಮನ್ ಅವರಿಗೂ ತೊಡಿಸಿ ಬಂದಿದ್ದರು. ಜಪಾನಿನಿಂದ ಬಂದದ್ದು ಹೆಸರು. ಕಾಸ್ಟ್ಯೂಮ್ ಮತ್ತು ಪ್ಲೇ ಎರಡನ್ನೂ ಬೆಸೆದು 'ಕೊಸುಪುರೆ' (ಕಾಸ್‌ಪ್ಲೇ) ಎಂಬ ಪದವನ್ನು 1983ರಲ್ಲಿ ಪತ್ರಿಕೆಯೊಂದರಲ್ಲಿ ಬಳಸಿದವರು ನೊಬುಯುಕಿ ತಕಹಾಶಿ.

ಟೋಕಿಯೊದಲ್ಲಿ 1975ರಿಂದ ನಡೆಯುತ್ತಿರುವ ಕಾಮಿಕ್ ಮಾರ್ಕೆಟ್ ಎಂಬ ದೊಡ್ಡ ಮೇಳದ ನಿಯಮ ಹೀಗಿದೆ: ಮನೆಯಿಂದ ವೇಷ ತೊಟ್ಟು ಬರುವಂತಿಲ್ಲ, ವೇಷದಲ್ಲೇ ಮನೆಗೆ ಮರಳುವಂತಿಲ್ಲ. ಹೆಸರು ನೋಂದಾಯಿಸಿ, ಅಲ್ಲಿನ ಕೋಣೆಯಲ್ಲೇ ಬದಲಿಸಿಕೊಳ್ಳಬೇಕು. ಫೋಟೊಗೆ ಗೊತ್ತುಮಾಡಿದ ಜಾಗವಿದೆ. ಕ್ಯಾಮೆರಾ ಹಿಡಿದವರು ಸಾಲಿನಲ್ಲಿ ನಿಂತು, ಕೇಳಿಯೇ ತೆಗೆಯಬೇಕು. ಉಡುಪಿಯವರಾದ ನಿಮಗೆ ಇದು ಹೊಸದಲ್ಲ. ಯಕ್ಷಗಾನದ ವೇಷಧಾರಿ ಬಣ್ಣ ಹಚ್ಚುವ ಚೌಕಿಯಲ್ಲಿ ಕಿರೀಟ ಕಟ್ಟುತ್ತಾನೆ, ಚೌಕಿಯಲ್ಲೇ ಬಿಚ್ಚುತ್ತಾನೆ. ಅವನು ಕಿರೀಟ ಬಿಚ್ಚಿಟ್ಟು ಬಸ್ ಹತ್ತಿದರೆ ಯಾರೂ ಅದನ್ನು ಅವಮಾನವೆಂದು ತಿಳಿಯುವುದಿಲ್ಲ.

ಆದರೆ ಜಪಾನಿನ ಕಟ್ಟಳೆಯ ಹಿಂದೆ ಅಂಜಿಕೆಯೂ ಇದೆ, ಅದನ್ನು ಮುಚ್ಚಿಡಲಾರೆ. 1989ರಲ್ಲಿ ಪುಟ್ಟ ಹುಡುಗಿಯರನ್ನು ಕೊಂದವನೊಬ್ಬ ಸೆರೆಸಿಕ್ಕಾಗ ಅವನ ಕೋಣೆಯ ತುಂಬ ವಿಡಿಯೊ ಟೇಪುಗಳಿದ್ದವು. ಪತ್ರಿಕೆಗಳು ಅವನಿಗೆ 'ಒಟಾಕು ಕೊಲೆಗಾರ' ಎಂದು ಹೆಸರಿಟ್ಟವು. ಕಾಮಿಕ್ಸ್, ಅನಿಮೆ (ಜಪಾನಿನ ಕಾರ್ಟೂನ್ ಚಿತ್ರ) ಹಚ್ಚಿಕೊಂಡ ಒಟಾಕುಗಳೆಲ್ಲರ ಮೇಲೂ ಆ ಮಸಿ ಮೆತ್ತಿತು. ಊರಿನ ಕಣ್ಣಿಗೆ ಬೀಳದಂತೆ, ಯಾರಿಗೂ ತೊಂದರೆಯಾಗದಂತೆ ಇರುವುದು ಆ ಅಭಿಮಾನಿಗಳಿಗೆ ಉಳಿವಿನ ದಾರಿಯಾಯಿತು. ಇಂದಿಗೂ ಬಹಳ ಮಂದಿ ಬೇರೊಂದು ಹೆಸರಿನಲ್ಲಿ ವೇಷ ತೊಡುತ್ತಾರೆ, ಕಚೇರಿಯಲ್ಲಿ ತಿಳಿಸುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಅಮೆರಿಕದ ರೂಢಿ ನಮ್ಮ ನವರಾತ್ರಿಯ ಹುಲಿವೇಷಕ್ಕೆ ಹತ್ತಿರ. ಸ್ಯಾನ್ ಡಿಯೇಗೊದ ಕಾಮಿಕ್-ಕಾನ್ ಎಂಬ ಮೇಳದ ದಿನಗಳಲ್ಲಿ ವೇಷಗಳು ಬೀದಿಗೆ, ಹೋಟೆಲಿಗೆ, ಟ್ರಾಮಿಗೆ ಸಲೀಸಾಗಿ ಬರುತ್ತವೆ. ಆ ಬಿಡುಬೀಸು ನನಗೂ ಇಷ್ಟ. ಆದರೆ ಅಲ್ಲಿ ವೇಷ ತೊಟ್ಟ ಹೆಣ್ಣುಮಕ್ಕಳನ್ನು ಮುಟ್ಟುವ, ಕೇಳದೆ ಫೋಟೊ ತೆಗೆಯುವ ಹಾವಳಿ ಎಷ್ಟಾಯಿತೆಂದರೆ, 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ 'ವೇಷ ತೊಟ್ಟರೆ ಒಪ್ಪಿಗೆ ಕೊಟ್ಟಂತಲ್ಲ' ಎಂದು ಫಲಕ ನಿಲ್ಲಿಸಬೇಕಾಯಿತು. ಹಾಗಾಗಿ ಯಾರು ವಾಸಿ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲಾರೆ. ಬಾಗಿಲಲ್ಲಿ ತಡೆದ ಆ ನಿಯಮ, ಒಳಗೆ ಹೋದ ಮೇಲೆ ನಿಮ್ಮ ಮಗಳನ್ನೇ ಕಾಪಾಡುತ್ತಿತ್ತು.

ಜಪಾನಿನಲ್ಲೂ ಬೇಲಿ ಸರಿಯುತ್ತಿದೆ, ಆದರೆ ಎಲ್ಲೆಡೆ ಒಂದೇ ಸಮನಾಗಿ ಅಲ್ಲ. ಟೋಕಿಯೊದ ಶಿಬುಯಾದಲ್ಲಿ ಹ್ಯಾಲೊವೀನ್ ಎಂಬ ವೇಷದ ಹಬ್ಬದ ಜನಜಂಗುಳಿ 2018ರಲ್ಲಿ ಸಣ್ಣ ಲಾರಿಯನ್ನೇ ಉರುಳಿಸಿತು. ಮರುವರ್ಷ ಆ ದಿನಗಳಲ್ಲಿ ಬೀದಿಯಲ್ಲಿ ಕುಡಿಯುವುದಕ್ಕೆ ನಿಷೇಧ ಬಂತು. ಅದೇ ನಗರದ ಇಕೆಬುಕುರೊದಲ್ಲಿ ಮಾತ್ರ 2014ರಿಂದ ಹ್ಯಾಲೊವೀನ್ ಹೊತ್ತಿಗೆ ಕಾಸ್‌ಪ್ಲೇ ಹಬ್ಬವೇ ನಡೆಯುತ್ತದೆ, ವೇಷಧಾರಿಗಳಿಗೆ ಬೀದಿಗಳೇ ತೆರೆದುಕೊಳ್ಳುತ್ತವೆ. ನಗೋಯಾದಲ್ಲಿ 2003ರಿಂದ ನಡೆಯುತ್ತಿರುವ ವಿಶ್ವ ಕಾಸ್‌ಪ್ಲೇ ಶೃಂಗಸಭೆಗೆ ಹಲವು ದೇಶಗಳ ತಂಡಗಳು ಬರುತ್ತವೆ. ಅಲ್ಲಿನ ಓಸು ಪೇಟೆಯಲ್ಲಿ ಅಂಗಡಿಗಳ ನಡುವೆ ಮೆರವಣಿಗೆ ಸಾಗುತ್ತದೆ.

ಮಗಳಿಗೆ ಹೇಳಿ: ಆ ವೇಷವನ್ನು ಪೆಟ್ಟಿಗೆಯ ತಳಕ್ಕೆ ತಳ್ಳುವುದು ಬೇಡ. ಮಡಚಿ ಚೀಲದಲ್ಲಿಟ್ಟುಕೊಂಡು ಇಕೆಬುಕುರೊಗೆ ಹೋಗಲಿ. ಫೋಟೊ ಕಳುಹಿಸಿದರೆ, ಅವಳು ಒಪ್ಪುವ ಹೆಸರಿನಲ್ಲಿ ಪ್ರಕಟಿಸುತ್ತೇವೆ.