ಮೂಳೆ ಕಾಣುವ ಗಾಯಕ್ಕೆ ಹೊಲಿಗೆ ಸಾಲದಾ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ಬೈಕಿನಿಂದ ಬಿದ್ದು ಮೊಣಕಾಲಿನ ಸ್ವಲ್ಪ ಕೆಳಗೆ, ಮುಂದುಗಡೆ ಚರ್ಮ ಕಿತ್ತುಹೋಗಿ ಮೂಳೆ ಕಾಣುತ್ತಿದೆ. ಮೀನಖಂಡದ ಮಾಂಸ ತಿರುಗಿಸಿ ಮುಚ್ಚಬೇಕು, ‘ಫ್ಲಾಪ್’ ಅಂತಾರೆ ಡಾಕ್ಟರು. ಸುಮ್ನೆ ಹೊಲಿಗೆ ಹಾಕಲು ಆಗಲ್ವಾ? ತೊಡೆಯ ಚರ್ಮ ಅಂಟಿಸಿದರೆ ಸಾಲದಾ? ಅಪ್ಪ ಬೀಡಿ ಸೇದುತ್ತಾರೆ.
– ಓದುಗರು, ಹಾಸನ

ಉತ್ತರ: ನಿಮ್ಮ ಹೊಟ್ಟೆಯ ಚರ್ಮ ಚಿವುಟಿ ನೋಡಿ. ಆಮೇಲೆ ಮೊಣಕಾಲ ಕೆಳಗೆ ಮೂಳೆಯ ಮೇಲಿನದ್ದು. ಅದು ಬೆರಳಿಗೇ ಸಿಗುವುದಿಲ್ಲ, ಅಲ್ವಾ? ಅಲ್ಲಿ ದೊಡ್ಡ ಗಾಯದ ಅಂಚುಗಳನ್ನು ಎಳೆದು ಹೊಲಿದರೆ ಚರ್ಮ ಬಿಗಿದು ಬೆಳ್ಳಗಾಗುತ್ತದೆ. ರಕ್ತ ಹರಿಯುತ್ತಿಲ್ಲ ಎಂದರ್ಥ. ಕೆಲವು ದಿನದಲ್ಲಿ ಅಂಚು ಕಪ್ಪಾಗಿ, ಹೊಲಿಗೆ ಬಿಟ್ಟುಕೊಂಡು, ಗಾಯ ಮೊದಲಿಗಿಂತ ದೊಡ್ಡದಾಗುತ್ತದೆ.

ತೊಡೆಯ ಚರ್ಮ ಅಂಟಿಸುವ ಗ್ರಾಫ್ಟ್ ಭತ್ತದ ನಾಟಿ ಇದ್ದ ಹಾಗೆ. ಮೊದಲ ಒಂದೆರಡು ದಿನ ಅದು ಗಾಯದ ರಸ ಹೀರಿ ಬದುಕುತ್ತದೆ. ಆಮೇಲೆ ಕೆಳಗಿನ ರಕ್ತನಾಳಗಳು ಕೂಡಿಕೊಳ್ಳಬೇಕು. ಮೂಳೆಯ ಮೇಲಿನ ತೆಳು ಪೊರೆ ಉಳಿದಿದ್ದರೆ ಹಿಡಿಯಲೂಬಹುದು. ಪೊರೆಯೂ ಹೋಗಿದ್ದರೆ ಬಂಡೆ ಮೇಲೆ ಪೈರು ಇಟ್ಟಂತೆ.

ಫ್ಲಾಪ್ ಎಂದರೆ ಬಳ್ಳಿಯ ಬುಡ ಕೀಳದೆ ಪಕ್ಕದ ಚಪ್ಪರಕ್ಕೆ ತಿರುಗಿಸುವುದು. ಮೀನಖಂಡದ ಒಂದು ಸ್ನಾಯುವನ್ನು ಕೆಳಗಡೆ ಬಿಡಿಸಿ, ಮೇಲಿನ ರಕ್ತನಾಳ ಹಾಗೇ ಉಳಿಸಿಕೊಂಡು ಮುಂದಕ್ಕೆ ತಂದು ಮೂಳೆ ಮುಚ್ಚುತ್ತಾರೆ. ನೀವು ಕೇಳಿದ ತೊಡೆಯ ಚರ್ಮ ಆ ಸ್ನಾಯುವಿನ ಮೇಲೆ ಬರುತ್ತದೆ. ನಡಿಗೆಯ ಚಿಂತೆ ಬೇಡ, ಉಳಿದ ಸ್ನಾಯುಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಗಾಯ ಪಾದದ ಹತ್ತಿರ ಇದ್ದಿದ್ದರೆ ಈ ಸ್ನಾಯು ಅಲ್ಲಿಗೆ ತಲುಪುತ್ತಿರಲಿಲ್ಲ. ಆಗ ಬೇರೆ ಕಡೆಯ ಮಾಂಸ ತಂದು, ಮೈಕ್ರೋಸ್ಕೋಪಿನಡಿ ರಕ್ತನಾಳ ಜೋಡಿಸಬೇಕಾಗಬಹುದು. ಅದು ಗಂಟೆಗಟ್ಟಲೆ ಕೆಲಸ.

ಇದು ಹೊಸ ವಿದ್ಯೆಯೇನಲ್ಲ. 1792ರಲ್ಲಿ ಟಿಪ್ಪು ವಿರುದ್ಧದ ಯುದ್ಧದಲ್ಲಿ ಇಂಗ್ಲಿಷರ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ವೈದ್ಯ ಮೇಣದ ತೆಳು ಹಾಳೆಯಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗೆರೆ ಎಳೆದ. ಹುಬ್ಬುಗಳ ನಡುವೆ ಚರ್ಮ ಕಡಿಯದೆ ಉಳಿಸಿ, ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಇದು ಚಿತ್ರ ಸಮೇತ ಬಂತು. ಹಣೆಯ ಫ್ಲಾಪ್ ಇಂದಿಗೂ ಮಾಡುತ್ತೇವೆ.

ಬೀಡಿ ಇವತ್ತೇ ಬಿಡಿಸಿ. ಸಣ್ಣ ರಕ್ತನಾಳಗಳನ್ನು ಅದು ಬಿಗಿಯುತ್ತದೆ. ‘ಒಂದೇ ಒಂದು’ ಅಂತ ಆಸ್ಪತ್ರೆಯ ಮೆಟ್ಟಿಲಲ್ಲಿ ಸೇದಿ ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ತಿಳಿಸಿ. ತೆರೆದ ಮೂಳೆಗೆ ಸೋಂಕು ಬೇಗ, ಹಾಗಾಗಿ ಆಪರೇಷನ್ ಮುಂದೂಡಬೇಡಿ. ಆದ ಮೇಲೆ ಕಾಲು ದಿಂಬಿನ ಮೇಲೆ ಎತ್ತರದಲ್ಲಿರಲಿ. ಕೆಳಕ್ಕೆ ಇಳಿಬಿಡುವ ದಿನ ಯಾವುದೆಂದು ಡಾಕ್ಟರೇ ಹೇಳುತ್ತಾರೆ.